15 ಪೌಂಡ್ ತೋರಿಸಿದರೆ ಸಾಲದು: ಓಟಿ ಸಿಸ್ಟರ್‌ಗಳಿಗೆ ಸೋಂಕು ತಡೆ ಕಲಿಸುವ ಬಗ್ಗೆ

ಓಟಿ (ಆಪರೇಷನ್ ಥಿಯೇಟರ್) ಸಿಸ್ಟರ್‌ಗಳಿಗೆ ಸೋಂಕು ತಡೆಯ ತರಬೇತಿ ಎಂದರೆ ಸಾಮಾನ್ಯವಾಗಿ ನಡೆಯುವುದು ಇಷ್ಟು: ಸೆಮಿನಾರ್ ಹಾಲ್‌ನಲ್ಲಿ ಪ್ರೊಜೆಕ್ಟರ್, ಕೈ ತೊಳೆಯುವ ಹಂತಗಳ ಚಿತ್ರ, ಹತ್ತು ಪ್ರಶ್ನೆಗಳ ಒಂದು ಪೇಪರ್, ಚಹಾ, ಗ್ರೂಪ್ ಫೋಟೊ, ಸರ್ಟಿಫಿಕೇಟ್. ಮರುದಿನ ಓಟಿಯಲ್ಲಿ ಎಲ್ಲವೂ ಹಿಂದಿನ ಹಾಗೆಯೇ. ಇದಕ್ಕೆ ಸಿಸ್ಟರ್‌ಗಳನ್ನು ದೂರಿ ಪ್ರಯೋಜನವಿಲ್ಲ. ಏನು ಮಾಡಬೇಕು ಅನ್ನುವುದು ಅವರಿಗೆ ಬಾಯಿಪಾಠ; ಯಾಕೆ ಅನ್ನುವುದನ್ನು ಯಾರೂ ಕೂತು ಹೇಳಿರುವುದಿಲ್ಲ. ಕಾರಣ ಗೊತ್ತಿಲ್ಲದ ನಿಯಮ ರಾತ್ರಿ ಎರಡು ಗಂಟೆಗೆ ಎಮರ್ಜೆನ್ಸಿ ಸಿಸೇರಿಯನ್ ಬಂದಾಗ ಎಲ್ಲಕ್ಕಿಂತ ಮೊದಲು ಬಿಟ್ಟುಹೋಗುತ್ತದೆ.

ಇಲ್ಲಿ ಬರೆಯುತ್ತಿರುವುದು ತಾಲ್ಲೂಕು ಆಸ್ಪತ್ರೆ, ಜಿಲ್ಲಾ ಆಸ್ಪತ್ರೆ, ಸಣ್ಣ ನರ್ಸಿಂಗ್ ಹೋಮ್‌ಗಳ ಓಟಿಯ ಬಗ್ಗೆ. ದೊಡ್ಡ ಆಸ್ಪತ್ರೆಗಳಲ್ಲಿ ಸ್ಟೆರಿಲೈಸೇಷನ್‌ಗೆಂದೇ (ಉಪಕರಣ, ಬಟ್ಟೆಗಳನ್ನು ಪೂರ್ತಿ ಕೀಟಾಣುರಹಿತ ಮಾಡಲು) ಸಿಎಸ್‌ಎಸ್‌ಡಿ ಎಂಬ ಪ್ರತ್ಯೇಕ ವಿಭಾಗ ಇರುತ್ತದೆ, ಅದಕ್ಕೆ ಬೇರೆ ಸಿಬ್ಬಂದಿ ಇರುತ್ತಾರೆ. ಇಲ್ಲಿ ಹಾಗಲ್ಲ. ಉಪಕರಣ ತೊಳೆಯುವುದು, ಬಟ್ಟೆಗಳನ್ನಿಡುವ ಲೋಹದ ಡಬ್ಬಿಯಾದ ಡ್ರಮ್ ತುಂಬುವುದು, ಒತ್ತಡದ ಹಬೆಯಿಂದ ಕೀಟಾಣು ಕೊಲ್ಲುವ ಆಟೋಕ್ಲೇವ್ ಹಾಕುವುದು, ಸ್ಕ್ರಬ್ ಆಗಿ (ಕೈ ತೊಳೆದು ಗೌನು, ಗ್ಲೌಸ್ ತೊಟ್ಟು) ಟ್ರಾಲಿ ಮುಂದೆ ನಿಲ್ಲುವುದು ಬಹಳ ಸಲ ಒಬ್ಬರೇ ಸಿಸ್ಟರ್ ಮತ್ತು ಒಬ್ಬರು ಗ್ರೂಪ್ ಡಿ ನೌಕರರು. ಆದ್ದರಿಂದ ತರಬೇತಿ ಹಾಲ್‌ನಲ್ಲಿ ಅಲ್ಲ, ಆಟೋಕ್ಲೇವ್ ಇರುವ ಕೋಣೆಯಲ್ಲೇ ಶುರುವಾಗಬೇಕು.

ಲಂಬವಾಗಿ ನಿಲ್ಲುವ ಎಲೆಕ್ಟ್ರಿಕ್ ಆಟೋಕ್ಲೇವ್ ಇನ್ನೂ ಬಹಳ ಕಡೆ ಬಳಕೆಯಲ್ಲಿದೆ. ಅದರ ಮುಂದೆ ನಿಂತು ಕೇಳಬೇಕಾದ ಮೊದಲ ಪ್ರಶ್ನೆ: ಒತ್ತಡದ ಮುಳ್ಳು 15 ಪೌಂಡ್ (ಚದರ ಇಂಚಿಗೆ) ತೋರಿಸುತ್ತಿದೆ, ಒಳಗೆ ಉಷ್ಣತೆ ಎಷ್ಟು? ಎಲ್ಲರೂ 121 ಡಿಗ್ರಿ ಎನ್ನುತ್ತಾರೆ. ಅದು ನಿಜವಾಗುವುದು ಒಳಗೆ ಬರೀ ಹಬೆ ಇದ್ದಾಗ ಮಾತ್ರ. ಗಾಳಿ ಅರ್ಧದಷ್ಟು ಉಳಿದಿದ್ದರೆ ಅದೇ 15 ಪೌಂಡ್‌ಗೆ 112 ಡಿಗ್ರಿ. ಗಾಳಿಯನ್ನು ಹೊರಗೇ ಬಿಡದಿದ್ದರೆ 100 ಡಿಗ್ರಿ ಅಷ್ಟೇ. ಮುಳ್ಳಿಗೆ ಒತ್ತಡ ಗೊತ್ತು, ಅದು ಹಬೆಯದೋ ಗಾಳಿಯದೋ ಗೊತ್ತಿಲ್ಲ. ಮನೆಯಲ್ಲಿ ಕುಕ್ಕರ್‌ಗೆ ಹಬೆ ಜೋರಾಗಿ ಬಂದ ಮೇಲೆ ವೆಯ್ಟ್ ಹಾಕುವುದು ಎಲ್ಲರಿಗೂ ಗೊತ್ತು, ಇಲ್ಲಿಯೂ ಅದೇ. ವೆಂಟ್ (ಗಾಳಿ ಹೊರಬಿಡುವ ಕಿಂಡಿ) ತೆರೆದಿಟ್ಟು, ಬಿಟ್ಟು ಬಿಟ್ಟು ಬರುವ ಹಬೆ ನಿಂತು ಒಂದೇ ಸಮನೆ ಹಬೆ ನುಗ್ಗುವವರೆಗೆ ಕಾಯಬೇಕು, ಆಮೇಲೂ ಕೆಲವು ನಿಮಿಷ ಬಿಟ್ಟು ಮುಚ್ಚಬೇಕು. ಸಮಯ ಎಣಿಸುವುದು ಸ್ವಿಚ್ ಹಾಕಿದ ಹೊತ್ತಿನಿಂದಲ್ಲ, 121 ಡಿಗ್ರಿ ಮುಟ್ಟಿದ ಹೊತ್ತಿನಿಂದ. ಬಟ್ಟೆಯಲ್ಲಿ ಸುತ್ತಿದ ಪ್ಯಾಕ್‌ಗಳಿಗೆ, ಡ್ರಮ್‌ಗಳಿಗೆ ಅಲ್ಲಿಂದ 30 ನಿಮಿಷ.

ನಮ್ಮ ರಾಜ್ಯಕ್ಕೆ ಇನ್ನೊಂದು ಲೆಕ್ಕವಿದೆ. ತರಬೇತಿಗಳಲ್ಲಿ ಇದರ ಮಾತೇ ಬರುವುದಿಲ್ಲ. ಗೇಜ್ ತೋರಿಸುವುದು ಹೊರಗಿನ ಗಾಳಿಯ ಒತ್ತಡಕ್ಕಿಂತ ಒಳಗೆ ಎಷ್ಟು ಹೆಚ್ಚು ಎಂಬುದನ್ನು. ಸಮುದ್ರ ಮಟ್ಟದಲ್ಲಿರುವ ಮಂಗಳೂರಿನಲ್ಲಿ 15 ಪೌಂಡ್‌ಗೆ 121 ಡಿಗ್ರಿ ಸಿಗುತ್ತದೆ. ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ ಹೊರಗಿನ ಒತ್ತಡವೇ ಕಡಿಮೆ; ಅದೇ 15 ಪೌಂಡ್‌ಗೆ ಬರುವುದು ಹೆಚ್ಚುಕಡಿಮೆ 119 ಡಿಗ್ರಿ. ಎತ್ತರ ಪ್ರತಿ 1000 ಅಡಿ ಏರಿದಂತೆ ಅರ್ಧ ಪೌಂಡ್ ಸೇರಿಸಬೇಕು ಅನ್ನುವುದು ರೂಢಿಯ ಲೆಕ್ಕ: ಬೆಂಗಳೂರಿಗೆ ಸುಮಾರು 16.5, ಮಡಿಕೇರಿಗೆ 17ರ ಹತ್ತಿರ. ಎರಡು ಡಿಗ್ರಿಯಲ್ಲಿ ಏನಿದೆ ಅನ್ನಿಸಬಹುದು. ಆದರೆ ಗಟ್ಟಿ ಸ್ಪೋರ್‌ಗಳು (ಬ್ಯಾಕ್ಟೀರಿಯಾದ ಗಟ್ಟಿ ಕವಚದ ರೂಪ) ಸಾಯುವ ವೇಗ ಅಷ್ಟಕ್ಕೇ ಮೂರನೇ ಒಂದು ಭಾಗದಷ್ಟು ಕುಗ್ಗುತ್ತದೆ. ಹಾಗೆಂದು ಸೇಫ್ಟಿ ವಾಲ್ವ್‌ಗೆ ಯಾರೂ ಕೈ ಹಾಕಬಾರದು. ಅದು ಬಯೋಮೆಡಿಕಲ್ ಎಂಜಿನಿಯರ್ ಕೆಲಸ. ಸಿಸ್ಟರ್ ಮಾಡಬೇಕಾದದ್ದು ಒತ್ತಡದ ಬದಲು ಥರ್ಮಾಮೀಟರ್ ನೋಡುವುದು. ಥರ್ಮಾಮೀಟರ್ ಇಲ್ಲದ ಯಂತ್ರವಾದರೆ ಲಿಖಿತವಾಗಿ ಕೇಳಿ ಹಾಕಿಸಿಕೊಳ್ಳುವುದು.

ಈಗ ಡ್ರಮ್. ಪಕ್ಕದ ರಂಧ್ರಗಳ ಪಟ್ಟಿ ಒಳಗಿಡುವಾಗ ತೆರೆದಿರಬೇಕು, ಹೊರತೆಗೆದ ಕೂಡಲೇ ಮುಚ್ಚಬೇಕು. ಇದು ತಲೆಕೆಳಗಾಗುವುದು ದಿನನಿತ್ಯದ ಮಾತು: ಮುಚ್ಚಿಯೇ ಒಳಗಿಡುತ್ತಾರೆ, ಹಬೆ ಒಳಹೋಗುವುದೇ ಇಲ್ಲ, ಇಲ್ಲವೇ ತೆರೆದಂತೆಯೇ ಕಪಾಟಿಗೆ ಸೇರಿಸುತ್ತಾರೆ. ಎರಡನೆಯ ತಪ್ಪು ತುಂಬುವುದರಲ್ಲಿ. ಮೂರು ಸಿಸೇರಿಯನ್‌ಗೆ ಬೇಕಾದ ಗೌನು, ಡ್ರೇಪ್, ಮಾಪ್ ಎಲ್ಲವನ್ನೂ ಒಂದೇ ಡ್ರಮ್‌ಗೆ ಒತ್ತಿ ಒತ್ತಿ ತುರುಕಿದರೆ ಹೊರಸುತ್ತಿನ ಬಟ್ಟೆ ಕಾದಿರುತ್ತದೆ, ನಡುವಿನದು ಬರೀ ಬೆಚ್ಚಗಾಗಿರುತ್ತದೆ. ಬಟ್ಟೆಗಳನ್ನು ಒಂದರ ಮೇಲೊಂದು ಪೇರಿಸದೆ ನೆಟ್ಟಗೆ ನಿಲ್ಲಿಸಿ ಜೋಡಿಸಬೇಕು. ನಡುವೆ ಅಂಗೈ ಸಲೀಸಾಗಿ ತೂರಬೇಕು. ಸುತ್ತಿದ ಲಿನನ್ ಪ್ಯಾಕ್ ಆದರೆ ಅಳತೆ 30×30×50 ಸೆಂಟಿಮೀಟರ್ ದಾಟಬಾರದು, ತೂಕ 5 ಕೆಜಿ ಆಸುಪಾಸಿನಲ್ಲೇ ನಿಲ್ಲಬೇಕು.

ಇದನ್ನು ಬಾಯಲ್ಲಿ ಹೇಳಿದರೆ ಯಾರೂ ನಂಬುವುದಿಲ್ಲ, ತೋರಿಸಬೇಕು. ಎರಡು ಡ್ರಮ್ ತೆಗೆದುಕೊಳ್ಳಿ. ಒಂದನ್ನು ಎಂದಿನಂತೆ ತುರುಕಿ ತುಂಬಿ, ಇನ್ನೊಂದನ್ನು ಸಡಿಲವಾಗಿ. ಎರಡರ ನಟ್ಟನಡುವೆ ಹಬೆ, ಉಷ್ಣತೆ, ಸಮಯ ಮೂರೂ ಸಾಕಾದರೆ ಮಾತ್ರ ಬಣ್ಣ ‘ಪಾಸ್’ ಮುಟ್ಟುವ ಟೈಪ್ 5 ಇಂಡಿಕೇಟರ್ ಸ್ಟ್ರಿಪ್ ಒಂದೊಂದು ಇಡಿ. ಹೊರಗೆ ಎರಡಕ್ಕೂ ಆಟೋಕ್ಲೇವ್ ಟೇಪ್. ಒಂದೇ ಸೈಕಲ್‌ನಲ್ಲಿ ಹಾಕಿ ತೆಗೆದು ಎಲ್ಲರ ಮುಂದೆ ಬಿಚ್ಚಿ. ಎರಡೂ ಡ್ರಮ್‌ನ ಟೇಪ್ ಮೇಲೆ ಕಪ್ಪು ಗೆರೆ ಚೆನ್ನಾಗಿಯೇ ಮೂಡಿರುತ್ತದೆ. ತುರುಕಿದ ಡ್ರಮ್‌ನ ಸ್ಟ್ರಿಪ್‌ನಲ್ಲಿ ಬಣ್ಣ ‘ಪಾಸ್’ ಕಿಟಕಿ ಮುಟ್ಟದೆ ನಡುದಾರಿಯಲ್ಲೇ ನಿಂತಿದ್ದರೆ ಟೇಪ್ ಏನು ಹೇಳುತ್ತದೆ, ಏನು ಹೇಳುವುದಿಲ್ಲ ಅನ್ನುವುದು ಮತ್ತೆ ವಿವರಿಸಬೇಕಾಗಿಲ್ಲ. ಟೇಪ್ ಎಂದರೆ ‘ಈ ಪ್ಯಾಕ್ ಬಿಸಿ ಕಂಡಿದೆ’ ಎಂಬ ಗುರುತು, ಅಷ್ಟೇ. ಸ್ಪೋರ್ ಟೆಸ್ಟ್ ವಾರಕ್ಕೊಮ್ಮೆಯಾದರೂ ಇರಬೇಕು: ಜಿಯೊಬ್ಯಾಸಿಲಸ್ ಸ್ಟಿಯರೊಥರ್ಮೊಫಿಲಸ್ ಎಂಬ ಬ್ಯಾಕ್ಟೀರಿಯಾದ ಸ್ಪೋರ್ ಇರುವ ಆಂಪ್ಯೂಲ್ ಅನ್ನು ಹಬೆಗೆ ಅತಿ ಕಷ್ಟದ ಜಾಗದಲ್ಲಿಟ್ಟು, ಆಮೇಲೆ 55ರಿಂದ 60 ಡಿಗ್ರಿಯಲ್ಲಿ ಇನ್‌ಕ್ಯುಬೇಟ್ ಮಾಡಿ (ಬೆಚ್ಚಗಿಟ್ಟು) ಬೆಳವಣಿಗೆ ನೋಡಬೇಕು. ಜೊತೆಗೆ ಆಟೋಕ್ಲೇವ್ ಕಾಣದ ಇನ್ನೊಂದು ಆಂಪ್ಯೂಲ್ ಇಡದಿದ್ದರೆ ಆ ಪರೀಕ್ಷೆಗೆ ಬೆಲೆಯಿಲ್ಲ. ಅದರಲ್ಲಿ ಬೆಳವಣಿಗೆ ಕಾಣಲೇಬೇಕು. ವ್ಯಾಕ್ಯೂಮ್ ಇರುವ ಆಯತಾಕಾರದ ಯಂತ್ರಗಳಿಗೆ ಪ್ರತಿದಿನ ಮೊದಲ ಲೋಡ್‌ಗೆ ಮುಂಚೆ ಖಾಲಿ ಚೇಂಬರ್‌ನಲ್ಲಿ, ಗಾಳಿ ಪೂರ್ತಿ ಹೊರಹೋಗುತ್ತಿದೆಯೇ ಎಂದು ನೋಡುವ ಬೋವಿ-ಡಿಕ್ ಟೆಸ್ಟ್. ವ್ಯಾಕ್ಯೂಮ್ ಇಲ್ಲದ ಯಂತ್ರಕ್ಕೆ ಅದನ್ನು ಮಾಡುವುದರಲ್ಲಿ ಅರ್ಥವಿಲ್ಲ, ಆದರೂ ಇನ್‌ಸ್ಪೆಕ್ಷನ್‌ಗೆಂದು ಶೀಟ್ ಅಂಟಿಸಿದ್ದನ್ನು ಕಾಣಬಹುದು.

ಒದ್ದೆ ಪ್ಯಾಕ್ ಸ್ಟೆರೈಲ್ ಅಲ್ಲ. ಇದರಲ್ಲಿ ಚರ್ಚೆ ಬೇಡ. ಒದ್ದೆ ಬಟ್ಟೆಯ ಮೂಲಕ ಕೀಟಾಣು ಹೊರಗಿನಿಂದ ಒಳಗೆ ಇಳಿಯುತ್ತದೆ. ಪ್ಯಾಕ್ ಒದ್ದೆಯಾಗುವುದು ಬಹುಮಟ್ಟಿಗೆ ಅವಸರದಿಂದ: ಮುಚ್ಚಳ ತೆಗೆದ ಕೂಡಲೇ ಬಿಸಿ ಪ್ಯಾಕನ್ನು ತಣ್ಣನೆಯ ಗ್ರಾನೈಟ್ ಕಟ್ಟೆಯ ಮೇಲಿಟ್ಟರೆ ಕೆಳಗೆ ನೀರಾಡುತ್ತದೆ. ಒತ್ತಡ ಸೊನ್ನೆಗೆ ಇಳಿದ ಮೇಲೆ ಮುಚ್ಚಳವನ್ನು ಸ್ವಲ್ಪವೇ ಸರಿಸಿ 15–20 ನಿಮಿಷ ಬಿಟ್ಟು, ಆಮೇಲೆ ಜಾಲರಿ ರ್‍ಯಾಕ್ ಮೇಲೆ ಆರಲು ಇಡಬೇಕು.

ಆಟೋಕ್ಲೇವ್ ಎಷ್ಟೇ ಸರಿಯಿದ್ದರೂ ತೊಳೆಯದ ಉಪಕರಣವನ್ನು ಅದು ಸ್ಟೆರೈಲ್ ಮಾಡಲಾರದು. ಒಣಗಿದ ರಕ್ತದ ಪದರದ ಕೆಳಗೆ ಹಬೆ ತಲುಪುವುದಿಲ್ಲ. ಹಳೆಯ ತರಬೇತಿಗಳಲ್ಲಿ ‘ಮೊದಲು 0.5% ಕ್ಲೋರಿನ್‌ನಲ್ಲಿ 10 ನಿಮಿಷ ನೆನೆಸಿ’ ಎಂದು ಕಲಿಸಿದ್ದರು, ಎಷ್ಟೋ ಓಟಿಗಳಲ್ಲಿ ಅದು ಇಂದಿಗೂ ನಡೆದಿದೆ. ವಿಶ್ವ ಆರೋಗ್ಯ ಸಂಸ್ಥೆ ಈಗ ಅದನ್ನು ಸೂಚಿಸುವುದಿಲ್ಲ. ರಕ್ತ ಕ್ಲೋರಿನ್‌ನ ಶಕ್ತಿಯನ್ನೇ ತಿನ್ನುತ್ತದೆ, ಕ್ಲೋರಿನ್ ಸ್ಟೀಲನ್ನು ತಿನ್ನುತ್ತದೆ, ತಿಂದ ಗುಳಿಗಳಲ್ಲಿ ಮುಂದಿನ ಸಲದ ರಕ್ತ ಕೂರುತ್ತದೆ. ಸಲೈನ್‌ನಲ್ಲಿ ನೆನೆಸಿಡುವುದೂ ಅಷ್ಟೇ ಕೆಟ್ಟದ್ದು, ಉಪ್ಪು ತುಕ್ಕು ಹಿಡಿಸುತ್ತದೆ. ಬಿಸಿನೀರು ಮೊದಲೇ ಬೇಡ. ರಕ್ತದ ಪ್ರೊಟೀನ್ ಗಟ್ಟಿಯಾಗಿ ಅಂಟಿಕೊಳ್ಳುತ್ತದೆ. ಕೇಸ್ ನಡೆಯುವಾಗಲೇ ಸ್ಟೆರೈಲ್ ವಾಟರ್‌ನಲ್ಲಿ ಅದ್ದಿದ ಗಾಜ್‌ನಿಂದ ಒರೆಸುತ್ತಿರಬೇಕು. ಮುಗಿದ ಕೂಡಲೇ ಆರ್ಟರಿ (ರಕ್ತನಾಳ ಹಿಡಿಯುವ ಫೋರ್ಸೆಪ್ಸ್), ಕತ್ತರಿ ಎಲ್ಲವನ್ನೂ ಬಾಯಿ ತೆರೆದು ಎನ್‌ಜೈಮ್ ದ್ರಾವಣಕ್ಕೆ ಹಾಕಬೇಕು, ಲೇಬಲ್‌ನಲ್ಲಿ ಹೇಳಿದ ಪ್ರಮಾಣದಲ್ಲಿ, ಹೇಳಿದಷ್ಟು ಹೊತ್ತು. ಆಮೇಲೆ ನೀರಿನೊಳಗೇ ಮುಳುಗಿಸಿ ಬ್ರಷ್ ಮಾಡುವುದು. ನಲ್ಲಿಯ ಕೆಳಗೆ ಬ್ರಷ್ ಮಾಡಿದರೆ ಹನಿ ಮುಖಕ್ಕೆ ಹಾರುತ್ತದೆ.

ತೊಳೆದದ್ದು ಸರಿಯಾಯಿತೇ ಎಂದು ನೋಡಲು ದುಬಾರಿ ಕಿಟ್ ಬೇಡ. ತೊಳೆದು ‘ರೆಡಿ’ ಎಂದಿಟ್ಟ ಒಂದು ಆರ್ಟರಿ ಫೋರ್ಸೆಪ್ಸ್ ತೆಗೆದುಕೊಂಡು, ಎರಡು ಕಾಲುಗಳು ಕೂಡುವ ಕೀಲಿನ ಮೇಲೆ 3% ಹೈಡ್ರೋಜನ್ ಪೆರಾಕ್ಸೈಡ್ ಒಂದು ಹನಿ ಬಿಡಿ, ಬಾಯಿ ತೆರೆದು ಮುಚ್ಚಿ. ಒಳಗೆ ರಕ್ತ ಉಳಿದಿದ್ದರೆ ಸಣ್ಣ ಬಿಳಿ ನೊರೆ ಏಳುತ್ತದೆ. ಹೊಳೆಯುವ ಉಪಕರಣದ ಕೀಲಿನಿಂದ ನೊರೆ ಏಳುವುದನ್ನು ಒಮ್ಮೆ ಕಂಡ ಸಿಸ್ಟರ್, ಮತ್ತೆ ಬಾಯಿ ಮುಚ್ಚಿದ ಆರ್ಟರಿಯನ್ನು ತೊಳೆಯಲು ಬಿಡುವುದಿಲ್ಲ. ಪರೀಕ್ಷೆಯ ನಂತರ ಅದನ್ನು ಚೆನ್ನಾಗಿ ತೊಳೆದುಬಿಡಿ.

ಲ್ಯಾಪರೋಸ್ಕೋಪ್ (ಸಣ್ಣ ರಂಧ್ರದ ಮೂಲಕ ಹೊಟ್ಟೆಯೊಳಗೆ ನೋಡುವ ಉಪಕರಣ) ಇರುವ ಕಡೆ ಉಪಕರಣ ಅದ್ದುವ ಗ್ಲುಟರಾಲ್ಡಿಹೈಡ್ ದ್ರಾವಣ ಇದ್ದೇ ಇರುತ್ತದೆ. ಎರಡು ಕೇಸ್‌ಗಳ ನಡುವೆ 20 ನಿಮಿಷ ಅದ್ದಿ ತೆಗೆಯುತ್ತಾರೆ. 2% ದ್ರಾವಣದಲ್ಲಿ 20 ನಿಮಿಷ ಎಂದರೆ ಉನ್ನತ ಮಟ್ಟದ ಡಿಸ್‌ಇನ್‌ಫೆಕ್ಷನ್ ಮಾತ್ರ. ಸ್ಪೋರ್ ಸಾಯಲು 10 ಗಂಟೆ ಬೇಕು. ನಮ್ಮ ದೇಶದಲ್ಲಿ ಲ್ಯಾಪರೋಸ್ಕೋಪಿ ಗಾಯಗಳಿಗೆ ಅಂಟುವ ಒಂದು ವಿಚಿತ್ರ ಸೋಂಕಿನ ಬೇರು ಇಲ್ಲಿದೆ. ಗಾಯ ಚೆನ್ನಾಗಿ ಮಾಯ್ದು, ರೋಗಿ ಮನೆಗೆ ಹೋಗಿ, ಮೂರು-ನಾಲ್ಕು ವಾರದ ಮೇಲೆ ಪೋರ್ಟ್ (ರಂಧ್ರ ಮಾಡಿದ) ಜಾಗದಲ್ಲಿ ಗಂಟು, ಅದು ಒಡೆದು ಸೋರುವುದು, ಎಂದಿನ ಆ್ಯಂಟಿಬಯೋಟಿಕ್‌ಗೆ ಬಗ್ಗದಿರುವುದು. ಕ್ಷಯದ ಬ್ಯಾಕ್ಟೀರಿಯಾದ ದಾಯಾದಿಗಳಾದ ಮೈಕೋಬ್ಯಾಕ್ಟೀರಿಯಂ ಚೆಲೋನೆ, ಫಾರ್ಚುಯಿಟಂ, ಅಬ್ಸೆಸಸ್ ಇದಕ್ಕೆ ಕಾರಣ. ಇವು ನೀರಿನಲ್ಲಿ ವಾಸಿಸುತ್ತವೆ, ಗ್ಲುಟರಾಲ್ಡಿಹೈಡ್‌ಗೆ ಸುಲಭಕ್ಕೆ ಜಗ್ಗುವುದಿಲ್ಲ. ರಂಧ್ರ ಮಾಡುವ ಟ್ರೋಕಾರ್‌ನ ಬಿಡಿಭಾಗ ಬಿಚ್ಚದೆ ಅದ್ದಿದ್ದು, ಒದ್ದೆ ಉಪಕರಣ ಹಾಕಿ ಹಾಕಿ ದ್ರಾವಣ ತೆಳುವಾದದ್ದು, 14 ದಿನದ ದ್ರಾವಣವನ್ನು ತಿಂಗಳವರೆಗೆ ಎಳೆದದ್ದು, ಎಲ್ಲ ಸರಿ ಮಾಡಿ ಕೊನೆಗೆ ನಲ್ಲಿ ನೀರಿನಲ್ಲೋ ಕುದಿಸಿ ಆರಿಸಿದ ನೀರಿನಲ್ಲೋ ಜಾಲಿಸಿದ್ದು: ತಪ್ಪುವುದು ಈ ನಾಲ್ಕರಲ್ಲೊಂದು ಕಡೆ. ಜಾಲಿಸಲು ಸ್ಟೆರೈಲ್ ವಾಟರ್ ಮಾತ್ರ. ಟಬ್ ಮೇಲೆ ದ್ರಾವಣ ಆ್ಯಕ್ಟಿವೇಟ್ ಮಾಡಿದ ತಾರೀಖು, ದಿನಕ್ಕೊಮ್ಮೆ ಟೆಸ್ಟ್ ಸ್ಟ್ರಿಪ್. ಹಬೆಯ ಬಿಸಿ ತಾಳುವ ಲೋಹದ ಟ್ರೋಕಾರ್‌ಗಳನ್ನು ಆಟೋಕ್ಲೇವ್‌ಗೇ ಹಾಕಬೇಕು. ಅವನ್ನು ಟಬ್‌ಗೆ ಹಾಕುವುದು ಸೋಮಾರಿತನವಲ್ಲದೆ ಬೇರೇನಲ್ಲ, ಅಥವಾ ಇನ್ನೊಂದು ಸೆಟ್ ಕೊಡಿಸದ ಆಡಳಿತದ ಜುಗ್ಗತನ.

ಕೈ ತೊಳೆಯುವುದರ ಬಗ್ಗೆ ಪೋಸ್ಟರ್‌ಗಳು ಸಾಕಷ್ಟಿವೆ, ಹೆಚ್ಚು ಹೇಳುವುದಿಲ್ಲ. ಸ್ಕ್ರಬ್ 2ರಿಂದ 5 ನಿಮಿಷ ಸಾಕು, 10 ನಿಮಿಷ ಬೇಡ. ಚರ್ಮವನ್ನು ಗಟ್ಟಿ ಬ್ರಷ್‌ನಿಂದ ಉಜ್ಜಿದರೆ ಗೀರು ಬಿದ್ದು ಬ್ಯಾಕ್ಟೀರಿಯಾ ಹೆಚ್ಚುತ್ತದೆ. ಉಗುರಿನ ಅಡಿಗೆ ಮಾತ್ರ ನೇಲ್ ಪಿಕ್. ಆಲ್ಕೋಹಾಲ್ ರಬ್ ಬಳಸುವುದಾದರೆ ಕೈ ಪೂರ್ತಿ ಒಣಗಿದ ಮೇಲೆಯೇ ಗ್ಲೌಸ್. ಎಲ್ಲಿ ತಪ್ಪಿತು ಎಂದು ತೋರಿಸಲು ಹೊಳೆಯುವ ಲೋಷನ್, ಯುವಿ ಟಾರ್ಚ್ ಇದ್ದರೆ ಸರಿ; ಇಲ್ಲದಿದ್ದರೆ ಸಿಸ್ಟರ್‌ನ ಕಣ್ಣಿಗೆ ಬಟ್ಟೆ ಕಟ್ಟಿ, ಗ್ಲೌಸ್ ತೊಡಿಸಿ, ಅಂಗೈಗೆ ಒಂದು ಚಮಚ ಪೋಸ್ಟರ್ ಪೇಂಟ್ ಹಾಕಿ ಎಂದಿನಂತೆ ಉಜ್ಜಿಕೊಳ್ಳಲು ಹೇಳಿ. ಹೆಬ್ಬೆರಳ ಹಿಂಭಾಗ ಮತ್ತು ಬೆರಳ ತುದಿಗಳು ಸಾಮಾನ್ಯವಾಗಿ ಖಾಲಿ ಉಳಿಯುತ್ತವೆ. ಅಂದಹಾಗೆ, ರಬ್ಬರ್ ಗ್ಲೌಸ್ ಓಟಿಗೆ ಬಂದದ್ದೇ ಒಬ್ಬ ನರ್ಸ್‌ಗಾಗಿ. 1889–90ರ ಹೊತ್ತಿಗೆ ಅಮೆರಿಕದ ಜಾನ್ಸ್ ಹಾಪ್‌ಕಿನ್ಸ್ ಆಸ್ಪತ್ರೆಯಲ್ಲಿ ಕ್ಯಾರೊಲಿನ್ ಹ್ಯಾಂಪ್ಟನ್ ಎಂಬ ಸ್ಕ್ರಬ್ ನರ್ಸ್‌ಳ ಕೈ ಪಾದರಸದ ದ್ರಾವಣಕ್ಕೆ ಹುಣ್ಣಾಗುತ್ತಿತ್ತೆಂದು ಸರ್ಜನ್ ಹಾಲ್‌ಸ್ಟೆಡ್ ಮಾಡಿಸಿಕೊಟ್ಟದ್ದು. ರೋಗಿಯ ಸೋಂಕಿನ ಲೆಕ್ಕ ಆಮೇಲೆ ಬಂತು.

ಸ್ಟೆರೈಲ್ ಫೀಲ್ಡ್‌ನ ಗಡಿ ಮಾತ್ರ ಅಳತೆ ಹಿಡಿದೇ ಕಲಿಸಬೇಕು. ಗೌನಿನಲ್ಲಿ ಸ್ಟೆರೈಲ್ ಎಂದರೆ ಮುಂಭಾಗ, ಎದೆಯಿಂದ ಟೇಬಲ್ ಮಟ್ಟದವರೆಗೆ. ತೋಳು ಮೊಣಕೈಗಿಂತ ಎರಡು ಇಂಚು ಮೇಲಿನಿಂದ ಕೆಳಗೆ. ಕಂಕುಳು, ಬೆನ್ನು ಅಲ್ಲ. ದಣಿದಾಗ ಕೈ ಕಟ್ಟಿ ಕಂಕುಳಲ್ಲಿ ಇಡುವ ಅಭ್ಯಾಸ ಎಲ್ಲರಿಗೂ ಇದೆ, ಅಲ್ಲಿಗೆ ಗ್ಲೌಸ್ ಕೆಟ್ಟಿತು. ಟ್ರಾಲಿಯ ಮೇಲ್ಮೈ ಮಾತ್ರ ಸ್ಟೆರೈಲ್, ಅಂಚಿನಿಂದ ಜೋತ ಬಟ್ಟೆ ಅಲ್ಲ. ಜಾರಿದ ಸಕ್ಷನ್ ಟ್ಯೂಬನ್ನು ಮೇಲಕ್ಕೆ ಎಳೆದುಕೊಳ್ಳುವಂತಿಲ್ಲ. ಸ್ಟೆರೈಲ್ ವಸ್ತು ಎತ್ತಿಕೊಡುವ ಉದ್ದ ಚಿಮಟವಾದ ಚೀಟಲ್ ಫೋರ್ಸೆಪ್ಸ್ ಅನ್ನು ಬೆಟಾಡಿನ್ ತುಂಬಿದ ಜಾರ್‌ನಲ್ಲಿ ದಿನಗಟ್ಟಲೆ ನಿಲ್ಲಿಸುವುದಂತೂ ನಿಲ್ಲಬೇಕು. ಆಟೋಕ್ಲೇವ್ ಆದ ಒಣ ಜಾರ್, ಮೇಲೆ ತೆರೆದ ಸಮಯ, ನಾಲ್ಕು ಗಂಟೆಗೆ ಬದಲು.

ಹೊಟ್ಟೆಯ ಶಸ್ತ್ರಚಿಕಿತ್ಸೆ ಮಾಡುವ ಓಟಿಗಳು ಇನ್ನೊಂದು ಅಭ್ಯಾಸ ಬೆಳೆಸಿಕೊಳ್ಳಬೇಕು. ಭಾರತವೂ ಸೇರಿ ಏಳು ದೇಶಗಳಲ್ಲಿ 13 ಸಾವಿರಕ್ಕೂ ಹೆಚ್ಚು ರೋಗಿಗಳ ಮೇಲೆ ನಡೆದು 2022ರಲ್ಲಿ ಪ್ರಕಟವಾದ ‘ಚೀತಾ’ ಅಧ್ಯಯನದಲ್ಲಿ, ಹೊಟ್ಟೆ ಮುಚ್ಚುವ ಮುಂಚೆ ತಂಡದವರೆಲ್ಲ ಗ್ಲೌಸ್ ಬದಲಿಸಿ ಹೊಸ ಉಪಕರಣ ತೆಗೆದುಕೊಂಡಾಗ ಗಾಯದ ಸೋಂಕು 18.9%ರಿಂದ 16%ಕ್ಕೆ ಇಳಿಯಿತು. ಇದಕ್ಕೆ ಬೇಕಾದದ್ದು ಸಣ್ಣದೊಂದು ಕ್ಲೋಸಿಂಗ್ ಸೆಟ್: ನೀಡಲ್ ಹೋಲ್ಡರ್, ಟೂತ್ಡ್ ಫೋರ್ಸೆಪ್ಸ್, ಕತ್ತರಿ, ಎರಡು ಆರ್ಟರಿ. ಪ್ಯಾಕ್ ಮಾಡುವಾಗಲೇ ಬೇರೆ ಕಟ್ಟಿಟ್ಟರೆ ಸರ್ಜನ್ ಕೂಡ ಗೊಣಗುವುದಿಲ್ಲ.

ರೋಗಿಯ ಚರ್ಮಕ್ಕೆ ಬಂದರೆ, ಮೊದಲು ರೇಜರ್ ಎಸೆಯಬೇಕು. ಹಿಂದಿನ ರಾತ್ರಿ ವಾರ್ಡ್‌ನಲ್ಲಿ ಬ್ಲೇಡ್ ಆಡಿಸಿ ‘ಪ್ರಿಪರೇಷನ್’ ಮಾಡಿದರೆ ಕಣ್ಣಿಗೆ ಕಾಣದ ಗೀರುಗಳಲ್ಲಿ ಬೆಳಗಾಗುವಷ್ಟರಲ್ಲಿ ಬ್ಯಾಕ್ಟೀರಿಯಾ ಬೆಳೆದಿರುತ್ತದೆ. ಕೂದಲು ಅಡ್ಡಿಯಾದರೆ ಮಾತ್ರ ಕ್ಲಿಪ್ಪರ್. ಆಲ್ಕೋಹಾಲ್ ಇರುವ ಕ್ಲೋರ್‌ಹೆಕ್ಸಿಡೀನ್ ಒಣ ಚರ್ಮಕ್ಕೆ 30 ಸೆಕೆಂಡ್, ತೊಡೆಸಂದಿಯಂಥ ತೇವದ ಜಾಗಕ್ಕೆ 2 ನಿಮಿಷ ಉಜ್ಜಿ, ಕನಿಷ್ಠ 3 ನಿಮಿಷ ತಾನಾಗಿ ಒಣಗಲು ಬಿಡಬೇಕು. ಸ್ಟೆರೈಲ್ ಟವೆಲ್‌ನಿಂದ ಒತ್ತಿ ಒಣಗಿಸಿದರೆ ಔಷಧವೂ ಟವೆಲ್‌ಗೇ ಹೋಯಿತು. ಬೆನ್ನಿನಡಿ ಸ್ಪಿರಿಟ್ ಮಡುಗಟ್ಟಿದ್ದರೆ ಕಾಟ್ರಿ (ವಿದ್ಯುತ್ತಿನಿಂದ ಸುಟ್ಟು ರಕ್ತ ನಿಲ್ಲಿಸುವ ಉಪಕರಣ) ಕಿಡಿಗೆ ಬೆಂಕಿ ಹತ್ತುತ್ತದೆ. ಒದ್ದೆ ಶೀಟ್ ಎಳೆದು ತೆಗೆದು ಆಮೇಲೆಯೇ ಡ್ರೇಪ್. ಸಿಸೇರಿಯನ್‌ಗೆ ಮುಂಚೆ ಯೋನಿಯನ್ನು ಪೊವಿಡೋನ್ ಅಯೋಡಿನ್‌ನಿಂದ ಶುಚಿಗೊಳಿಸುವುದು ವಿಶ್ವ ಆರೋಗ್ಯ ಸಂಸ್ಥೆಯ ಸೂಚನೆಗಳಲ್ಲಿದೆ. ಅಲ್ಲಿ ಆಲ್ಕೋಹಾಲ್ ದ್ರಾವಣ ಮುಟ್ಟಿಸಬಾರದು. ಮತ್ತೆ, ಅರ್ಧ ಖಾಲಿಯಾದ ಬಾಟಲಿಗೆ ದೊಡ್ಡ ಕ್ಯಾನ್‌ನಿಂದ ತುಂಬಿಸುತ್ತಾ ಹೋಗಬೇಡಿ. ಆ್ಯಂಟಿಸೆಪ್ಟಿಕ್‌ನಲ್ಲೇ ಬದುಕುವ ಸ್ಯೂಡೊಮೊನಾಸ್, ಬರ್ಕ್‌ಹೋಲ್ಡೇರಿಯಾದಂಥ ಬ್ಯಾಕ್ಟೀರಿಯಾಗಳಿವೆ.

2024ರ ನವೆಂಬರ್‌ನಲ್ಲಿ ಬಳ್ಳಾರಿಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ತೀರಿಕೊಂಡ ಮೇಲೆ ಅವರಿಗೆ ಡ್ರಿಪ್ ಹಾಕಿದ್ದ ರಿಂಗರ್ ಲ್ಯಾಕ್ಟೇಟ್ ದ್ರವದ ಬಾಟಲಿಗಳ ಮೇಲೆ ಎಲ್ಲರ ಕಣ್ಣು ಬಿತ್ತು. ದ್ರವದೊಳಗಿನ ವಿಷಾಂಶ ಸಿಸ್ಟರ್ ಕಣ್ಣಿಗೆ ಕಾಣುವಂಥದ್ದಲ್ಲ. ಆದರೂ ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡುವುದು, ಹಿಸುಕಿ ಸೋರಿಕೆ ನೋಡುವುದು, ಬ್ಯಾಚ್ ನಂಬರನ್ನು ಕೇಸ್‌ಶೀಟ್‌ನಲ್ಲಿ ಬರೆಯುವುದು ಕೈಯಲ್ಲಿರುವ ಕೆಲಸ. ಬ್ಯಾಚ್ ನಂಬರ್ ಇಲ್ಲದಿದ್ದರೆ ಯಾವ ಬಾಟಲಿ ಯಾರಿಗೆ ಹೋಯಿತೆಂದು ಆಮೇಲೆ ಪತ್ತೆಯಾಗುವುದಿಲ್ಲ.

ಆ್ಯಂಟಿಬಯೋಟಿಕ್ ಬರೆಯುವುದು ವೈದ್ಯರು, ಆದರೆ ಹೊತ್ತು ಕಾಯುವುದು ಸಿಸ್ಟರ್. ಸೆಫಜೋಲಿನ್ 2 ಗ್ರಾಂ, ಚರ್ಮ ಕತ್ತರಿಸುವ ಮುಂಚಿನ 60 ನಿಮಿಷದೊಳಗೆ. ಸಿಸೇರಿಯನ್‌ನಲ್ಲಿ ‘ಹೊಕ್ಕುಳಬಳ್ಳಿ ಕ್ಲ್ಯಾಂಪ್ ಆದ ಮೇಲೆ’ ಎಂಬುದು ಹಳೆಯ ಪದ್ಧತಿ, ಈಗ ಅಲ್ಲಿಯೂ ಮುಂಚೆಯೇ. ಶಸ್ತ್ರಚಿಕಿತ್ಸೆ 4 ಗಂಟೆ ದಾಟಿದರೆ, ಇಲ್ಲವೇ ರಕ್ತ 1.5 ಲೀಟರ್‌ಗಿಂತ ಹೆಚ್ಚು ಹೋದರೆ ಮತ್ತೊಂದು ಡೋಸ್. ಮುಗಿದ ಮೇಲೆ ಐದು ದಿನ ಮುಂದುವರಿಸಿದರೆ ಗಾಯಕ್ಕೆ ಲಾಭವಿಲ್ಲ. ಇದನ್ನು ಸರ್ಜನ್‌ಗೆ ಹೇಳುವುದು ಕಷ್ಟ ಎಂಬುದು ಗೊತ್ತಿರುವ ವಿಷಯವೇ. ಆದರೆ ವಿಶ್ವ ಆರೋಗ್ಯ ಸಂಸ್ಥೆಯ 2008ರ ಸರ್ಜಿಕಲ್ ಸೇಫ್ಟಿ ಚೆಕ್‌ಲಿಸ್ಟ್‌ನ ಟೈಮ್ ಔಟ್‌ನಲ್ಲಿ (ಚರ್ಮ ಕತ್ತರಿಸುವ ಮುಂಚೆ ಎಲ್ಲರೂ ನಿಂತು ಖಚಿತಪಡಿಸಿಕೊಳ್ಳುವಾಗ) ‘ಸರ್, ಆ್ಯಂಟಿಬಯೋಟಿಕ್ ಹೋಗಿ 60 ನಿಮಿಷದೊಳಗಿದೆಯಾ?’ ಎಂದು ಗಟ್ಟಿಯಾಗಿ ಕೇಳುವುದು ಸಿಸ್ಟರ್‌ನ ಅಧಿಕಾರ. ತರಬೇತಿಯಲ್ಲಿ ಈ ವಾಕ್ಯವನ್ನು ಬಾಯಿಬಿಟ್ಟು ಹೇಳಿಸಿಯೇ ಅಭ್ಯಾಸ ಮಾಡಿಸಬೇಕು, ಸರ್ಜನ್ ಎದುರಿಗಿದ್ದಾಗಲೇ. ಗ್ಲೌಸ್ ತಾಗಿದ್ದನ್ನು ಕಂಡು ‘ಸರ್, ಬದಲಿಸಿ’ ಎನ್ನಲು ಬಾರದ ಸಿಸ್ಟರ್‌ಗೆ ಮೇಲಿನದೆಲ್ಲ ಗೊತ್ತಿದ್ದೂ ಉಪಯೋಗವಿಲ್ಲ.

ಫ್ಯೂಮಿಗೇಷನ್, ಅಂದರೆ ಕೋಣೆಗೆ ಔಷಧದ ಹೊಗೆ ಹಾಕುವುದು, ನಮ್ಮ ಓಟಿಗಳ ದೊಡ್ಡ ಮೂಢನಂಬಿಕೆ. ಶನಿವಾರ ಫಾರ್ಮಲಿನ್ ಹಾಕಿ ಬಾಗಿಲಿಗೆ ಟೇಪ್ ಅಂಟಿಸಿದರೆ ವಾರಕ್ಕೆ ನೆಮ್ಮದಿ ಎಂಬ ಭಾವನೆ. ಅದರಿಂದ ಏಳುವ ಫಾರ್ಮಾಲ್ಡಿಹೈಡ್ ಕ್ಯಾನ್ಸರ್‌ಕಾರಕ, ಅದನ್ನು ಉಸಿರಾಡುವವರು ಸಿಸ್ಟರ್ ಮತ್ತು ಗ್ರೂಪ್ ಡಿ. ಧೂಳು, ರಕ್ತ ಕೂತ ಮೇಲ್ಮೈಯನ್ನು ಯಾವ ಹೊಗೆಯೂ ಶುದ್ಧ ಮಾಡುವುದಿಲ್ಲ. ಬೇಕಾದದ್ದು ಬೆಳಿಗ್ಗೆ ಮೊದಲ ಕೇಸ್‌ಗೆ ಮುಂಚೆ ಒದ್ದೆ ಬಟ್ಟೆಯಿಂದ ಎಲ್ಲ ಅಡ್ಡ ಮೇಲ್ಮೈ ಒರೆಸುವುದು, ಕೇಸ್‌ಗಳ ನಡುವೆ ಟೇಬಲ್, ಮ್ಯಾಟ್ರೆಸ್, ಲೈಟ್ ಹಿಡಿ, ಅನಸ್ತೇಷಿಯಾ ಯಂತ್ರದ ಗುಂಡಿಗಳು. ರಕ್ತ ಚೆಲ್ಲಿದರೆ ಮೊದಲು ಹೀರಿ ತೆಗೆದು ಆಮೇಲೆ 1% ಹೈಪೋಕ್ಲೋರೈಟ್, 10 ನಿಮಿಷ. ಕ್ಯಾನ್ 5%ದಾದರೆ ಒಂದು ಪಾಲಿಗೆ ನಾಲ್ಕು ಪಾಲು ನೀರು, 10%ದಾದರೆ ಒಂಬತ್ತು. ಪ್ರತಿದಿನ ಹೊಸದು, ಕ್ಯಾನ್ ಬಿಸಿಲಿನಲ್ಲಿ ಬೇಡ. ತಿಂಗಳಿಗೊಮ್ಮೆ ಗೋಡೆಯ ಸ್ವಾಬ್ ಕಳಿಸಿ ‘ನೋ ಗ್ರೋತ್’ ರಿಪೋರ್ಟ್ ಫೈಲ್ ಮಾಡುವುದಕ್ಕಿಂತ ಆ ಹಣಕ್ಕೆ ಸ್ಪೋರ್ ಆಂಪ್ಯೂಲ್ ತರಿಸುವುದು ಮೇಲು.

ಗಾಳಿಯ ಬಗ್ಗೆ ಆಸ್ಪತ್ರೆಗಳಿಗೆ ಮಾನ್ಯತೆ ಕೊಡುವ ಎನ್‌ಎಬಿಎಚ್ ಹೇಳುವುದು ಗಂಟೆಗೆ 20 ಸಲ ಗಾಳಿ ಬದಲಾವಣೆ, ಅದರಲ್ಲಿ ಕನಿಷ್ಠ 4 ಹೊರಗಿನ ತಾಜಾ ಗಾಳಿ. ಸ್ಪ್ಲಿಟ್ ಎಸಿ ಇರುವ ಓಟಿಯಲ್ಲಿ ಅದು ಸಿಗದು. ಇದ್ದ ಗಾಳಿಯನ್ನೇ ತಿರುಗಿಸುತ್ತದೆ. ಅಲ್ಲಿ ಸಿಸ್ಟರ್ ಕೈಯಲ್ಲಿರುವುದು ಬಾಗಿಲು, ಜನರ ಸಂಖ್ಯೆ, ಫಿಲ್ಟರ್ ತೊಳೆದ ತಾರೀಖು.

ಇಷ್ಟನ್ನೂ ಒಂದೇ ದಿನದಲ್ಲಿ ಹೇಳಿದರೆ ಮತ್ತೆ ಸೆಮಿನಾರ್ ಹಾಲ್ ಕಥೆಯೇ. ವಾರಕ್ಕೆ ಅರ್ಧ ಗಂಟೆ, ಕೇಸ್ ಕಡಿಮೆ ಇರುವ ದಿನ, ಒಂದೇ ವಿಷಯ, ಓಟಿ ಇನ್‌ಚಾರ್ಜ್ ಸಿಸ್ಟರ್ ಕೈಯಿಂದಲೇ. ಗ್ರೂಪ್ ಡಿ ನೌಕರರು ಕೂರಲೇಬೇಕು, ಡ್ರಮ್ ತುಂಬುವುದು ಅವರೇ ತಾನೆ. ಮೂರು ತಿಂಗಳಿಗೊಮ್ಮೆ ಬೇಕೆಂದೇ ತಪ್ಪು ಜೋಡಿಸಿದ ಟ್ರಾಲಿ ಇಟ್ಟು ತಪ್ಪು ಹುಡುಕಲು ಬಿಡಿ: ತೇವದ ಪ್ಯಾಕ್, ತಾರೀಖಿಲ್ಲದ ಬಾಟಲಿ, ಬಣ್ಣ ಪೂರ್ತಿ ಬದಲಾಗದ ಸ್ಟ್ರಿಪ್, ಬಾಯಿ ಮುಚ್ಚಿದ ಆರ್ಟರಿ. ಸರ್ಕಾರಿ ಆಸ್ಪತ್ರೆಗಳ ಶುಚಿತ್ವ, ಹೆರಿಗೆ ಸೇವೆ ಅಳೆಯುವ ಕಾಯಕಲ್ಪ, ಲಕ್ಷ್ಯ ಮೌಲ್ಯಮಾಪನಕ್ಕೆ ಮುಂಚಿನ ವಾರ ನಡೆಯುವ ಓಡಾಟಕ್ಕಿಂತ ಇದು ಹೆಚ್ಚು ಕಾಲ ನಿಲ್ಲುತ್ತದೆ.

ಫಲ ಬಂತೇ ಎಂದು ತಿಳಿಯಲು ಗಾಯ ಎಣಿಸಬೇಕು. ಸಿಸೇರಿಯನ್ ಆದವರು ಕೆಲವೇ ದಿನದಲ್ಲಿ ಮನೆಗೆ ಹೋಗುತ್ತಾರೆ, ಗಾಯ ಕೀವಾಗುವುದು ಬಹುಪಾಲು ಆಮೇಲೆ, ತವರುಮನೆಯಲ್ಲಿ. ಅಲ್ಲಿ ಹತ್ತಿರದ ಕ್ಲಿನಿಕ್‌ಗೆ ಹೋಗುತ್ತಾರೆ, ನಮ್ಮ ರಿಜಿಸ್ಟರ್‌ನಲ್ಲಿ ‘ಸೋಂಕು: ಇಲ್ಲ’. ಹಾಗಾಗಿ ಡಿಸ್ಚಾರ್ಜ್ ವೇಳೆ ತವರಿನ ಫೋನ್ ನಂಬರ್ ಬರೆದುಕೊಂಡು 7, 14, 30ನೇ ದಿನ ಕರೆ ಮಾಡಿ: ‘ಗಾಯ ಕೆಂಪಾಗಿದೆಯಾ ತಾಯಿ, ನೀರು ಅಥವಾ ಕೀವು ಬಂತಾ, ಹೊಲಿಗೆ ಬಿಟ್ಟಿದೆಯಾ, ಜ್ವರ ಇದೆಯಾ?’ ಒಂದಕ್ಕೆ ಹೌದೆಂದರೆ ಕರೆಸಿ ನೋಡಬೇಕು, ಆಶಾ ಕಾರ್ಯಕರ್ತೆಯಿಂದಲೂ ವಿಚಾರಿಸಬಹುದು. ಇಂಪ್ಲಾಂಟ್ ಹಾಕಿದ್ದರೆ 90 ದಿನ. ಕೀವು ಕಂಡರೆ ಗಾಯದ ಮೇಲ್ಮೈಯನ್ನು ಸಲೈನ್‌ನಿಂದ ತೊಳೆದು, ಒಳಗಿನಿಂದ ಸಿರಿಂಜ್‌ನಲ್ಲಿ ಎಳೆದು ಕಲ್ಚರ್‌ಗೆ ಕಳಿಸಿ, ಆಮೇಲೆ ಆ್ಯಂಟಿಬಯೋಟಿಕ್ ಶುರು ಮಾಡಬೇಕು. ತಿಂಗಳ ಕೊನೆಗೆ ಸೋಂಕಾದವರ ಸಂಖ್ಯೆಯನ್ನು ಆದ ಕೇಸ್‌ಗಳಿಂದ ಭಾಗಿಸಿ 100ರಿಂದ ಗುಣಿಸಿ, ಆ ಸಂಖ್ಯೆಯನ್ನು ಸೂಪರಿಂಟೆಂಡೆಂಟ್ ಕೋಣೆಯ ಫೈಲಿಗಲ್ಲ, ಸ್ಕ್ರಬ್ ಸಿಂಕ್ ಪಕ್ಕದ ಗೋಡೆಗೆ ಅಂಟಿಸಿ. ಮೊದಲ ತಿಂಗಳುಗಳಲ್ಲಿ ಅದು ಏರಿದಂತೆ ಕಾಣುತ್ತದೆ. ಗಾಬರಿ ಬೇಡ, ಅಷ್ಟು ದಿನ ಯಾರೂ ಫೋನ್ ಮಾಡಿ ಕೇಳಿರಲಿಲ್ಲ.